ಪರದೆಯ ನಡುವಿನ ಕಲೆ

ಕಾರ್ಟೂನ್ ಚಿತ್ರಗಳಿಗೆ ಬಣ್ಣ ತುಂಬಿ ಬದುಕುತ್ತಿದ್ದ ಅವನು ಎರಡು ತಿಂಗಳಿಂದ ಮೀನಮೇಷ ಎಣಿಸುತ್ತಿದ್ದ. ಕಂಪ್ಯೂಟರ್ ಪರದೆಯ ನಡುವೆ ಬೂದು ಕಲೆಯೊಂದು ಕಾಣತೊಡಗಿತ್ತು. ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೆ ಸಾಕೋ, ಹೊಸ ಕಂಪ್ಯೂಟರನ್ನೇ ಜೋಡಿಸಬೇಕೋ? ಬೇರೆಡೆ ನೋಡುವಾಗಿನ ಮಸುಕನ್ನು ಆಯಾಸವೆಂದು ತಳ್ಳಿಹಾಕಿದ್ದ.

"ಎಷ್ಟು ದಿನ ಅಂತ ತಲೆ ಕೆಡಿಸ್ಕೊಳ್ತೀರಿ, ನಡೀರಿ," ಎಂದು ಹೆಂಡತಿಯೇ ಸಿಪಿಯು ಎತ್ತಿಕೊಂಡು ರಿಪೇರಿ ಅಂಗಡಿಗೆ ಹೊರಟಳು.

ಅಂಗಡಿಯವನು ಹೊಸ ಕಾರ್ಡ್ ಹಾಕಿದರೂ ಕಲೆ ಹೋಗಲಿಲ್ಲ.

"ಹಾಗಾದ್ರೆ ಪೂರ್ತಿ ಹೊಸದೇ ಜೋಡಿಸಿಬಿಡಿ," ಎಂದ ಅವನು.

ಅಂಗಡಿಯವನು ಪಕ್ಕದ ಮೇಜಿನ ಹೊಚ್ಚಹೊಸ ಕಂಪ್ಯೂಟರ್ ತೋರಿಸಿದ. "ಇದರಲ್ಲಿ ನೋಡಿ, ಸರ್."

"ಇದರಲ್ಲೂ ಇದೆಯಲ್ರೀ! ಇಲ್ಲೇ, ನಡುವೆ."

ಹೆಂಡತಿ ಮೆಲ್ಲಗೆ ಅವನ ತೋಳು ಹಿಡಿದಳು. "ರೀ, ಅಲ್ಲಿ ಏನೂ ಇಲ್ಲ. ನನ್ನ ಮುಖ ನೋಡಿ."

ಅವನು ತಿರುಗಿದ. ಅವಳ ಕೂದಲು ಕಂಡಿತು, ಕಿವಿಯೋಲೆ ಕಂಡಿತು. ಮೂಗು ಬಾಯಿ ಇರಬೇಕಾದಲ್ಲಿ ಅದೇ ಬೂದು ಕಲೆಯಿತ್ತು.

ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಉಳಿಸಲು ನೋಡೋಣ ಎಂದು ಕಣ್ಣಿನ ವೈದ್ಯರು ಸುತ್ತಿಬಳಸದೆ ಹೇಳಿದರು. ಆ ವಾರವೇ ಅವನು ಅರ್ಧ ಮುಗಿದ ಚಿತ್ರವನ್ನು ಇನ್ನೊಬ್ಬ ಕಲಾವಿದೆಗೆ ಒಪ್ಪಿಸಿದ. ಯಾವ ಪಾತ್ರಕ್ಕೆ ಯಾವ ಬಣ್ಣವೆಂದು ಫೋನಿನಲ್ಲಿ ಅವಳಿಗೆ ನೆನಪಿನಿಂದಲೇ, ಒಂದನ್ನೂ ಬಿಡದೆ ಹೇಳಿದ.