ತುಷಾರಕೂರ್ಚ ಮಹರ್ಷಿಯ ಒಲೆ

ಬೆಳಕಾಗಿ ಗಾಜನ್ನು ಹಾದುಹೋದರೂ ಗಾಜಿಗೆ ಗಾಯಮಾಡದವನು ಯಾರೋ, ಯಾರ ಮುಂದೆ ಹಿಮಗಿರಿಯೂ ಸಾಸಿವೆಯೂ ಒಂದೇ ಅಳತೆಯೋ, ಆ ಜ್ಯೋತಿಸ್ವರೂಪನಾದ ನಾರಾಯಣನಿಗೆ ಮೊದಲ ನಮಸ್ಕಾರ. ವಿಘ್ನಗಳನ್ನು ಕಳೆಯುವ ಗಜಮುಖನಿಗೆ ಎರಡನೆಯದು. ನನ್ನಂಥವರಿಗೆ ವಿಘ್ನವೆಂದರೆ ಕೈಜಾರಿ ನೆಲಕ್ಕೆ ಬೀಳುವುದೊಂದೇ; ಆದಕಾರಣ ಈ ನಮಸ್ಕಾರದಲ್ಲಿ ಭಕ್ತಿ ಕೊಂಚ ಹೆಚ್ಚು. ನುಡಿಯ ತಾಯಿ ಶಾರದೆಗೆ ಮೂರನೆಯದು.

ನಾನು ಒಂದು ಗಾಜಿನ ಚಿತ್ರ, ಅಂಗೈಯಗಲದ ಚೌಕ. ಮ್ಯಾಜಿಕ್ ಲ್ಯಾಂಟರ್ನ್ ಎಂಬ ದೀಪದ ಪೆಟ್ಟಿಗೆಗೆ ನನ್ನನ್ನು ತೂರಿಸಿದರೆ ಎದುರಿನ ಬಿಳಿಬಟ್ಟೆಯ ಮೇಲೆ ಆನೆಯಷ್ಟು ದೊಡ್ಡದಾಗಿ ಕಾಣುತ್ತೇನೆ. ಹುಟ್ಟಿದ್ದು ಅಮೆರಿಕೆಯ ಕೊಲರಾಡೊ ಎಂಬ ಪರ್ವತಸೀಮೆಯಲ್ಲಿ. ಅಲ್ಲಿ ಹುಟ್ಟಿದ ಗಾಜಿಗೆ ಈ ಪರಿಯ ಕನ್ನಡ ಹೇಗೆ ಬಂತೆಂದು ನೀವು ಕೇಳಬಹುದು. ಹರಿಕಥೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಲಗಿದ್ದರೆ ಕಲ್ಲಿಗೂ ಸಮಾಸ ಬಿಡಿಸಲು ಬರುತ್ತದೆ. ನಾನಾದರೋ ಗಾಜು, ಒಳಗೆ ಬಿದ್ದದ್ದನ್ನು ಆಚೆಗೆ ಕಾಣಿಸುವುದೇ ನನ್ನ ಜಾತಿಧರ್ಮ.

ನನ್ನನ್ನು ಮಾಡಿದವನು ಟಟಲ್ ಎಂಬ ಛಾಯಾಗ್ರಾಹಕ. ಹೇಸರಗತ್ತೆಯ ಮೇಲೆ ಕ್ಯಾಮೆರಾ ಹೇರಿಕೊಂಡು, ಚಿನ್ನ ಅಗೆಯುವವರ ಬಿಡಾರದಿಂದ ಬಿಡಾರಕ್ಕೆ ಅವನು ಬೆಟ್ಟ ಸುತ್ತುತ್ತಿದ್ದ. ಒಂದು ಬಿಡಾರದಲ್ಲಿ ಟೋಬಿ ಪೆಂಗೆಲಿ ಎಂಬ ಗಡ್ಡದ ಅಡುಗೆಯವನಿದ್ದ. ನಲವತ್ತು ಮಂದಿಗೆ ಕಾಳು ಬೇಯಿಸುವುದು ಅವನ ಉದ್ಯೋಗ. ಆದರೆ ಕಡಲಾಚೆಯ ಕಾರ್ನ್‌ವಾಲಿನಲ್ಲಿದ್ದ ತಾಯಿಗೆ ಅವನು ನಾಲ್ಕು ವರ್ಷದಿಂದ, ತಾನು ಚಿನ್ನ ಅಗೆಯುತ್ತಿರುವುದಾಗಿಯೇ ಬರೆಯುತ್ತ ಬಂದಿದ್ದ. ತಾಯಿ ಚಿತ್ರ ಕಳುಹಿಸೆಂದಳು. ಟೋಬಿ ಒಬ್ಬನ ಟೋಪಿ, ಇನ್ನೊಬ್ಬನ ಪಿಕಾಸಿ ಎರವಲು ತಂದು ಹಿಮದ ಶಿಖರಗಳಿಗೆ ಬೆನ್ನುಕೊಟ್ಟು ನಿಂತ. ಒಲೆಯ ಮೇಲೆ ಕಾಳು ಕುದಿಯುತ್ತಿತ್ತು.

ಆ ದಿನ ಮೋಡ. ಆರು ಸೆಕೆಂಡು ಅಲುಗದೆ ನಿಂತರಷ್ಟೇ ಚಿತ್ರ. ಅದಕ್ಕೆಂದೇ ಬೆನ್ನಹಿಂದೆ ಕಬ್ಬಿಣದ ಕವೆಯೊಂದನ್ನು ನಿಲ್ಲಿಸಿ ಟೋಬಿಯ ಕತ್ತನ್ನು ಅದರಲ್ಲಿ ಸಿಕ್ಕಿಸಿದ್ದರು.

“ಅಲುಗಬೇಡ! ಉಸಿರೂ ಬಿಡಬೇಡ!” ಎಂದ ಟಟಲ್.

“ಕಾಳು ಸೀದುಹೋಗುತ್ತಪ್ಪ!”

“ಸೀದರೆ ಸೀಯಲಿ, ನೀನು ಚಿರಂಜೀವಿಯಾಗ್ತೀಯ!”

ಟೋಬಿಯ ಕತ್ತು ಅಲುಗಲಿಲ್ಲ; ಕಣ್ಣು ಮಾತ್ರ ಪಕ್ಕಕ್ಕೆ ಸರಿದು ಅಲ್ಲಿಯೇ ನೆಟ್ಟಿತು. ಅದೇ ಕಡೆಯಲ್ಲಿ, ಡೇರೆಯ ಹಿಂದಿನಿಂದ ಎದ್ದ ತೆಳುಹೊಗೆಯೂ ನನ್ನ ಅಂಚಿನಲ್ಲಿ ಉಳಿಯಿತು. ಹೇಸರಗತ್ತೆಗೆ ಕಬ್ಬಿಣದ ಕವೆ ಇರಲಿಲ್ಲ. ಮೂರು ಸೆಕೆಂಡು ಮುಂದೆ ನೋಡಿತು, ಮೂರು ಸೆಕೆಂಡು ಹಿಂದೆ ನೋಡಿತು. ಹೀಗಾಗಿ ನನ್ನಲ್ಲಿ ಅದಕ್ಕೆ ಮೈ ಒಂದು, ತಲೆ ಎರಡು. ಕಾಳಂತೂ ಸೀದುಹೋಯಿತು. ಊಟದ ಹೊತ್ತಿಗೆ ನಲವತ್ತು ಮಂದಿ ಟೋಬಿಯ ವಂಶವನ್ನು ಏಳು ತಲೆಮಾರಿನವರೆಗೆ ಸ್ಮರಿಸಿದರು.

ಕಾಗದದ ಪ್ರತಿ ತಾಯಿಗೆ ಹೋಯಿತು. ಊರೂರಲ್ಲಿ ತೋರಿಸಲೆಂದು ಟಟಲ್ ನನ್ನನ್ನು ಗಾಜಿನ ಮೇಲೆ ಇಳಿಸಿದ. ಅಂಚಿಗೆ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ: ‘ಚಿನ್ನವನ್ನರಸುವ ಧೀರ, ಕೊಲರಾಡೊ’. ಹುಟ್ಟಿದ ವಾರದಲ್ಲೇ ನನ್ನ ಹಣೆಗೆ ಮೊದಲ ಸುಳ್ಳು ಹತ್ತಿತು.

ಕೆಲವು ವರ್ಷಗಳ ಮೇಲೆ, ಟಟಲ್‌ನಿಂದ ದೀಪದ ಪೆಟ್ಟಿಗೆ ಸಮೇತ ನನ್ನನ್ನು ಕೊಂಡಿದ್ದ ಗಣಿಯ ಮೇಸ್ತ್ರಿಯೊಬ್ಬ ಅಲ್ಲಿಂದ ನಮ್ಮ ಕೋಲಾರದ ಚಿನ್ನದ ಗಣಿಗೆ ಕೆಲಸಕ್ಕೆ ಬಂದ. ಅವನ ಪೆಟ್ಟಿಗೆಯಲ್ಲಿ ನಾನೂ ಹನ್ನೊಂದು ಸೋದರರೂ ಬಂದೆವು. ಅವನು ಸ್ವದೇಶಕ್ಕೆ ಮರಳುವಾಗ ಸಾಮಾನುಗಳನ್ನು ಹರಾಜಿಗಿಟ್ಟ. ದೀಪವನ್ನೂ ನಮ್ಮನ್ನೂ ಕೊಂಡವರು ಮುಳಬಾಗಿಲಿನ ಕೀರ್ತನಕಾರ ಶೇಷಗಿರಿದಾಸರು. ಹರಿಕಥೆಯ ನಡುವೆ ಚಿತ್ರ ತೋರಿಸಬೇಕೆಂಬ ಹೊಸ ಹಂಬಲ ಅವರದು. ಸೋದರರಲ್ಲಿ ಇದ್ದದ್ದು ರೈಲು, ಸೇತುವೆ, ಗರಿಯ ಟೋಪಿಯ ಹೆಂಗಸರು; ಹರಿಕಥೆಗೆ ಒದಗುವವನು ನಾನೊಬ್ಬನೇ. ದಾಸರಿಗೆ ಇಂಗ್ಲಿಷ್ ಬಾರದು. ಹರಾಜಿನ ಗುಮಾಸ್ತ ನನ್ನನ್ನು ಬಿಸಿಲಿಗೆ ಹಿಡಿದು, “ಯಾರೋ ಹಿಮಾಲಯದ ಕಡೆ ತಪಸ್ವಿಗಳು ಸ್ವಾಮಿ” ಎಂದ. ದಾಸರು ಅಲ್ಲೇ ಕೈಮುಗಿದರು.

ಮೂರೇ ದಿನದಲ್ಲಿ ಟೋಬಿಗೆ ನಾಮಕರಣವಾಯಿತು: ತುಷಾರಕೂರ್ಚ ಮಹರ್ಷಿ, ಎಂದರೆ ಹಿಮದ ಗಡ್ಡದವನು. ಟೋಪಿ ಭೂರ್ಜಪತ್ರದ ಶಿರಸ್ತ್ರಾಣವಾಯಿತು, ಪಿಕಾಸಿ ಯೋಗದಂಡವಾಯಿತು, ಹೊಗೆ ದೇವಗಂಗೆಯ ತುಂತುರಾಯಿತು. ಹೇಸರಗತ್ತೆ ಶಾಪಗ್ರಸ್ತ ಗಂಧರ್ವ. ಒಂದು ತಲೆಯಿಂದ ಭೂತವನ್ನೂ ಇನ್ನೊಂದರಿಂದ ಭವಿಷ್ಯವನ್ನೂ ನೋಡುವವನು. ಒದ್ದೆ ಮಾಡಿದ ಬಿಳಿ ಪಂಚೆಯ ಮೇಲೆ ನಾನು ಮೂಡಿದೊಡನೆ ಸಭೆ ಎದ್ದುನಿಲ್ಲುತ್ತಿತ್ತು. ಒಮ್ಮೆ ಮಾತ್ರ ಒಬ್ಬ ಮುದುಕಿ, “ಗಡ್ಡ ಕತ್ತರಿಸಿದ ಹಾಗಿದೆಯಲ್ಲಾ ದಾಸರೇ?” ಎಂದಳು.

“ಹಿಮ ತಿಂದಿದೆ ತಾಯಿ, ಹಿಮ!” ಎಂದರು ದಾಸರು. ಸಭೆ ಗೋವಿಂದಾ ಎಂದಿತು.

ಪಂಚೆಯ ಹಿಂದೆ ಕುಳಿತು ದೀಪ ನೋಡಿಕೊಂಡು ಚಿತ್ರ ತೂರಿಸುತ್ತಿದ್ದವರು ದಾಸರ ಹೆಂಡತಿ ಅಚ್ಚಮ್ಮ. ಇನ್ನೂರು ಎಲೆಯ ಊಟಕ್ಕೆ ಒಬ್ಬರೇ ನಿಂತು ಹುಳಿ ಮಾಡಬಲ್ಲ ಗಟ್ಟಿಗಿತ್ತಿ. ಆಕೆ ನನ್ನನ್ನು ನೋಡಿದ ಮೊದಲ ದಿನವೇ ಹೇಳಿದರು:

“ಏನೂಂದ್ರೆ, ಇವನು ಋಷಿಯಲ್ಲ. ಅಡುಗೆಯವನು.”

“ಆ ನೋಟ ನೋಡೇ! ಪರಬ್ರಹ್ಮದಲ್ಲಿ ನೆಟ್ಟಿದೆ!”

“ಪರಬ್ರಹ್ಮನೂ ಇಲ್ಲ, ಏನೂ ಇಲ್ಲ. ಒಲೆ ಮೇಲೆ ಏನೋ ಇಟ್ಟು ಬಂದವರ ನೋಟ ಅದು. ನೀವು ಪೂಜೇಲಿ ಮಂತ್ರ ಎಳೀತಾ ಕೂತಾಗ ಪಕ್ಕದಲ್ಲಿ ನಾನು ಹಾಗೇ ನೋಡ್ತಿರ್ತೀನಿ.”

“ಸಂಸ್ಕೃತ ಬಾರದವಳು ಸುಮ್ಮನಿರು.”

“ಒಲೆಗೆ ಯಾವ ಸಂಸ್ಕೃತ?” ಎಂದು ಆಕೆ ನನ್ನನ್ನು ಸೆರಗಿನಿಂದ ಒರೆಸಿ ಪೆಟ್ಟಿಗೆಗಿಟ್ಟರು. ನಾನು ಕೂಗಿ ಹೌದೆನ್ನಬೇಕೆಂದುಕೊಂಡೆ. ಆದರೆ ವಿಧಾತನು ಗಾಜಿಗೆ ನಾಲಗೆಯನ್ನು ದಯಪಾಲಿಸಿಲ್ಲ.

ಐದು ವರ್ಷ ಹೀಗೆ ನಡೆಯಿತು. ಇಲ್ಲಿ ಒಂದು ವಿಷಯ ತಿಳಿಸಬೇಕು. ದಾಸರ ಕಾಲಿಗೆ ಮೊದಲ ಬಾರಿ ಗೆಜ್ಜೆ ಕಟ್ಟುವಾಗ ಅವರ ಗುರುಗಳು ಹೀಗೆ ಅಪ್ಪಣೆ ಮಾಡಿದ್ದರು: “ಗೆಜ್ಜೆ ಕಾಲಲ್ಲಿರುವಾಗ ತಿಳಿದು ಸುಳ್ಳಾಡಿದರೆ ಅದನ್ನು ಬಿಚ್ಚಿ ಹರಿಯ ಸನ್ನಿಧಿಯಲ್ಲಿಡು. ಮರಳಿ ಕಟ್ಟಿಕೊಳ್ಳಲು ನಿನಗೆ ನೀನೇ ಅಪ್ಪಣೆ ಕೊಟ್ಟುಕೊಳ್ಳಬೇಡ.” ಗೆಜ್ಜೆ ಹೋದರೆ ಕೀರ್ತನೆ ಹೋಯಿತು, ಕೀರ್ತನೆ ಹೋದರೆ ಶೇಷಗಿರಿದಾಸರಲ್ಲಿ ಉಳಿಯುವುದು ಶೇಷ ಮಾತ್ರ. ಅದುವರೆಗೆ ಅವರು ತಿಳಿದು ಸುಳ್ಳಾಡಿರಲಿಲ್ಲ. ತಾವು ಹೇಳಿದ್ದನ್ನು ತಾವೇ ಮೊದಲು ನಂಬುವ ಸಜ್ಜನರು ಅವರು.

ಆ ವರ್ಷ ಚಿನ್ನದ ಗಣಿಯ ಭಜನಮಂಡಲಿಯವರು ದಾಸರನ್ನು ಏಳು ದಿನದ ಕಥೆಗೆ ಕರೆಸಿದರು. ಕಡೆಯ ದಿನ ತುಷಾರಕೂರ್ಚ ಚರಿತ್ರೆ. ಊರ ಗೋಡೆಗಳ ಮೇಲೆಲ್ಲ ಎರಡು ತಲೆಯ ಗಂಧರ್ವನ ಭಿತ್ತಿಪತ್ರ. ಆ ದಿನ ಬೆಳಿಗ್ಗೆ ಶಾಲೆಯ ಭೂಗೋಳದ ಮೇಷ್ಟರು ಕುತೂಹಲಕ್ಕೆ ನನ್ನನ್ನೆತ್ತಿ ಅಂಚಿನ ಚೀಟಿ ಓದಿದರು.

“ದಾಸರೇ, ಇದು ಹಿಮಾಲಯವಲ್ಲ, ಅಮೆರಿಕ! ಈತ ಚಿನ್ನ ಹುಡುಕೋನು!”

ದಾಸರ ಮುಖ ನನ್ನ ಶಿಖರಗಳಷ್ಟೇ ಬೆಳ್ಳಗಾಯಿತು. ಯಾರಿಗೂ ಹೇಳುವುದಿಲ್ಲವೆಂದು ಮೇಷ್ಟರು ಆಣೆಯಿಟ್ಟರು. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಅಲ್ಲದಿದ್ದರೂ, ಮುಖ್ಯ ಅತಿಥಿಗಳಾಗಿ ಬಂದಿದ್ದ ತರ್ಕಪಂಡಿತ ಶಿತಿಕಂಠಶಾಸ್ತ್ರಿಗಳಿಗೆ ತಿಳಿದಿತ್ತು. ದಾಸರು ಹೆಂಡತಿಯ ಬಳಿಗೆ ಓಡಿದರು.

“ಇವತ್ತು ಬೇರೆ ಚಿತ್ರ ಹಾಕೇ!”

“ಬೇರೆ ಅಂದ್ರೆ ರೈಲಿದೆ. ಹಾಕಲಾ?”

ಸಂಜೆ ಬಯಲು ತುಂಬಿತು. ಪಾಳಿ ಮುಗಿಸಿ ಮಿಂದು ಬಂದ ಗಣಿ ಕೆಲಸಗಾರರು ನೆಲದ ಮೇಲೆ, ಶಾಸ್ತ್ರಿಗಳು ಮುಂದಿನ ಕುರ್ಚಿಯಲ್ಲಿ. ದಾಸರು ಬೇರೆ ಕಥೆ ಎತ್ತಿಕೊಂಡರು. ಜನ ಬಿಡಲಿಲ್ಲ, “ಎರಡು ತಲೆ! ಎರಡು ತಲೆ!” ಎಂದು ಕೂಗಿದರು. ದೀಪ ಹೊತ್ತಿತು, ನಾನು ಮೂಡಿದೆ. ದಾಸರು, “ಇವರೇ ತುಷಾರಕೂರ್ಚ ಮಹರ್ಷಿಗಳು, ಹಿಮವತ್ಪರ್ವತದಲ್ಲಿ...” ಎಂದರು. ಗೆಜ್ಜೆ ಕಾಲಲ್ಲೇ ಇತ್ತು, ಮಾತು ತಿಳಿದೇ ಬಂದಿತ್ತು.

ಶಾಸ್ತ್ರಿಗಳು ಎದ್ದರು. “ದಾಸರೇ, ಇದು ಯಾವ ಪುರಾಣದ ಮಾತು? ಪ್ರಮಾಣ ಕೊಡಿ.”

ದಾಸರು ಕೈಮುಗಿದರು. “ಪ್ರಮಾಣ ಇಲ್ಲ ಶಾಸ್ತ್ರಿಗಳೇ. ಈಗ ಆಡಿದ್ದು ತಿಳಿದು ಆಡಿದ ಸುಳ್ಳು. ಇವನು ಋಷಿಯಲ್ಲ, ಅಮೆರಿಕದಲ್ಲಿ ಚಿನ್ನ ಅಗೆಯೋನಂತೆ.”

ಆಗ ನೆಲದ ಮೇಲಿಂದ ಚೆಂಗಲ್ರಾಯನೆಂಬ ಹಳೆಯ ಗಣಿಗಾರ ದನಿಯೆತ್ತಿದ.

“ಅದೂ ಸುಳ್ಳೇ ಸಾಮಿ! ಇಪ್ಪತ್ತು ವರ್ಷದಿಂದ ಅಗೀತಾ ಇವ್ನಿ. ಆವಯ್ಯಂಗೆ ಪಿಕಾಸಿ ಹಿಡಿಯೋಕೇ ಬರಲ್ಲ. ಸೌಟು ಹಿಡಿದಂಗೆ ಹಿಡಿದವ್ನೆ!”

ಬಯಲು ಬಿದ್ದುಬಿದ್ದು ನಕ್ಕಿತು. ದಾಸರ ಪಾಲಿಗೆ ಸುಳ್ಳೂ ಕೈಬಿಟ್ಟಿತು, ನಿಜವೆಂದುಕೊಂಡದ್ದೂ ಕೈಬಿಟ್ಟಿತು. ಅವರು ಬಗ್ಗಿ ಬಲಗಾಲಿನ ಗೆಜ್ಜೆ ಬಿಚ್ಚಿದರು. ಕಣ್ಣು ತುಂಬಿದ್ದರಿಂದ ಎಡಗಾಲಿನ ಗಂಟು ಸಿಗಲಿಲ್ಲ.

ಆಗ ಪಂಚೆಯ ಹಿಂದಿನಿಂದ ಅಶರೀರವಾಣಿಯಂತೆ ಅಚ್ಚಮ್ಮನ ದನಿ ಕೇಳಿತು.

“ಸೌಟು ಅಂದವರು ಸರಿಯಾಗೇ ಹೇಳಿದ್ರಿ. ಅವನು ಅಡುಗೆಯವನು. ಐದು ವರ್ಷದಿಂದ ಹೇಳ್ತಿದ್ದೀನಿ, ಕೇಳೋರಿಲ್ಲ.”

“ಅದಕ್ಕೆ ಪ್ರಮಾಣವೇನು ತಾಯಿ?” ಎಂದರು ಶಾಸ್ತ್ರಿಗಳು, ಅಭ್ಯಾಸಬಲದಿಂದ.

“ಹೊಗೆ ಕಾಣಲ್ವೆ? ಆ ಅಂಚಲ್ಲಿ, ಡೇರೆ ಹಿಂದೆ. ಹೊಗೆ ಇದ್ಮೇಲೆ ಅಲ್ಲಿ ಒಲೆ ಇದೆ. ಇವನ ಕಣ್ಣು ಅಲ್ಲೇ ಇದೆ. ಬೇಗ ಬಿಟ್ಟುಕಳಿಸಿ ಪಾಪ, ಸೀದುಹೋಗುತ್ತೆ!”

ಶಿತಿಕಂಠಶಾಸ್ತ್ರಿಗಳು ನನ್ನ ಅಂಚನ್ನು ದಿಟ್ಟಿಸಿದರು. ಆಮೇಲೆ ಕುರ್ಚಿಯಲ್ಲಿ ಮೆಲ್ಲನೆ ಕುಳಿತರು. “ಪರ್ವತದಲ್ಲಿ ಹೊಗೆಯಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ, ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಅನುಮಾನಪ್ರಮಾಣಕ್ಕೆ ಇದೇ ಉದಾಹರಣೆ ಕೊಟ್ಟು ನಲವತ್ತು ವರ್ಷ ಪಾಠ ಹೇಳಿದೆ” ಎಂದರು. “ಇವತ್ತು ಪರ್ವತವೇ ಎದುರಿಗೆ ಬಂದು ನಿಂತಿತು. ನನಗೆ ಹೇಸರಗತ್ತೆ ಮಾತ್ರ ಕಂಡಿತು.”

ದಾಸರು ಎಡಗಾಲಿನದನ್ನೂ ಬಿಚ್ಚಿ, ಎರಡೂ ಗೆಜ್ಜೆಗಳನ್ನು ಅವರ ಮುಂದಿಟ್ಟು, “ಇವನ್ನು ಹರಿಯ ಸನ್ನಿಧಿಗೆ ಸೇರಿಸಿ” ಎಂದರು. ಶಾಸ್ತ್ರಿಗಳು ಗೆಜ್ಜೆಗಳನ್ನು ಕೈಗೆತ್ತಿಕೊಂಡರು.

“ಗುರುವಿನ ಮಾತು ಗುರುವಿನ ಮಾತೇ. ಗೆಜ್ಜೆ ಹರಿಯ ಸನ್ನಿಧಿಯಲ್ಲೇ ಇರಲಿ. ಅನ್ನವೂ ಹರಿಯ ಸ್ವರೂಪವೇ. ಆದ್ದರಿಂದ ನಿಮ್ಮ ಮನೆಯ ಅಡುಗೆಮನೆಯ ಗೂಟಕ್ಕೆ ತೂಗುಹಾಕಿ. ಪ್ರತಿ ಕಥೆಯನ್ನೂ ಮೊದಲು ಅಲ್ಲಿ ಹೇಳಿ. ಆ ತಾಯಿ ಒಪ್ಪಿ ಕೊಟ್ಟರೆ ಕಟ್ಟಿಕೊಳ್ಳಿ. ನಿಮಗೆ ನೀವೇ ಅಪ್ಪಣೆ ಕೊಟ್ಟುಕೊಂಡ ಹಾಗೂ ಆಗಲಿಲ್ಲ.”

“ಈಗಿನ ಕಥೆ ಏನಾಯ್ತು ಸಾಮಿ?” ಎಂದ ಚೆಂಗಲ್ರಾಯ. “ಗೆಜ್ಜೆ ಇಲ್ದಿದ್ರೆ ಇಲ್ಲ. ಆ ಅಡುಗೆ ಅಯ್ಯಂದೇ ಹೇಳಿ.”

ದಾಸರು ನೆಲದ ಮೇಲೆ ಕುಳಿತರು. “ಅವನ ಹೆಸರು ನನಗೆ ಗೊತ್ತಿಲ್ಲ” ಎಂದು ಮೊದಲುಮಾಡಿದರು. ತಾಳವಿಲ್ಲ, ಕುಣಿತವಿಲ್ಲ. ಹಿಮದ ಬೆಟ್ಟದಲ್ಲಿ ಊರೆಲ್ಲ ಚಿನ್ನದ ಬೆನ್ನುಹತ್ತಿದಾಗ ಒಬ್ಬನು ಒಲೆಯ ಮುಂದೆ ಉಳಿದದ್ದನ್ನು, ಚಿನ್ನ ಸಿಕ್ಕ ದಿನವೂ ಸಿಗದ ದಿನವೂ ಅವನಲ್ಲಿಗೇ ಎಲ್ಲರೂ ಬಂದು ಕುಳಿತದ್ದನ್ನು ಹೇಳಿದರು. ತಿಳಿಯದ ಕಡೆ ತಿಳಿಯದೆಂದರು. ಕೊನೆಗೆ ಹಿಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡು, “ನಾಳೆಯಿಂದ ಉಪ್ಪು ಕಮ್ಮಿ ಅಂತ ಬೈಯಲ್ಲ” ಎಂದ. ಅದೇ ಆ ಕಥೆಗೆ ಮಂಗಳ.

ಅಲ್ಲಿಂದಾಚೆ ದಾಸರು ಒಲೆಯ ಪಕ್ಕ ಮಣೆಹಾಕಿ ಕುಳಿತು ಕಥೆ ಒಪ್ಪಿಸುವುದು ನಿಯಮವಾಯಿತು. ಅಚ್ಚಮ್ಮ ಒಗ್ಗರಣೆ ಹಾಕುತ್ತ ಕೇಳುವರು. “ಅರಮನೇಲಿ ಆನೆ ಸಾವಿರ ಅಂದ್ರಾ? ಅಷ್ಟಕ್ಕೂ ಮೇವು ಎಲ್ಲಿಂದ? ನೂರು ಮಾಡಿ” ಎನ್ನುವರು. ದಾಸರು ನೂರು ಮಾಡುವರು. ಆಮೇಲೆ ಗೆಜ್ಜೆ ಗೂಟದಿಂದಿಳಿಯುವುದು. ದಾಸರ ಕೀರ್ತನೆಗೆ ಅನಂತರವೇ ಹೆಚ್ಚು ಬೆಲೆ ಬಂತೆಂದು ನಾನು ಬಲ್ಲೆ.

ಈಗ ಸಿನಿಮಾ ಬಂದಿದೆ. ದೀಪದ ಪೆಟ್ಟಿಗೆ ತುಕ್ಕುಹಿಡಿದು ಅಟ್ಟ ಸೇರಿದೆ. ದಾಸರು ಹರಿಪಾದ ಸೇರಿದರು, ಗೆಜ್ಜೆ ಗೂಟದಲ್ಲೇ ಇದೆ. ಮುಪ್ಪಿನಲ್ಲಿ ನನಗೆ ಒಂದು ಮೂಲೆ ಬಿರಿದಿದೆ. ಅಚ್ಚಮ್ಮ ನನ್ನನ್ನು ಅಡುಗೆಮನೆಯ ಕಿಟಕಿಗೆ ಒರಗಿಸಿಟ್ಟಿದ್ದಾರೆ, ಟೋಬಿಯ ನೋಟ ನೇರವಾಗಿ ಒಲೆಯ ಮೇಲೆ ಬೀಳುವಂತೆ. ಬೆಳಿಗ್ಗೆ ಹಾಲಿಟ್ಟು ತುಳಸಿ ಕೊಯ್ಯಲು ಹೋಗುವಾಗ ಆಕೆ ಹೇಳುತ್ತಾರೆ: “ನೋಡ್ಕೊಳ್ತಿರಪ್ಪ, ಉಕ್ಕೀತು.”

ಕಾರ್ನ್‌ವಾಲಿನ ಆ ತಾಯಿಯನ್ನು ನಾನು ಕಂಡಿಲ್ಲ. ಆದರೆ ಆಕೆಯೂ ಚಿತ್ರವನ್ನು ಕೈಗೆತ್ತಿಕೊಂಡು, ಮೊದಲು ಮಗನ ಕಣ್ಣನ್ನೂ ಆಮೇಲೆ ಹೊಗೆಯನ್ನೂ ನೋಡಿ, ಯಾರಿಗೂ ಹೇಳದೆ ನಕ್ಕಿರಬೇಕೆಂದು ನನ್ನ ಅನುಮಾನ. ಪ್ರಮಾಣವಿಲ್ಲ, ಆದರೂ ಅಚ್ಚಮ್ಮ ಇದನ್ನು ಒಪ್ಪುತ್ತಾರೆಂಬ ಧೈರ್ಯವಿದೆ.

ಇದನ್ನು ಕೇಳಿದವರ ಒಲೆ ಆರದಿರಲಿ, ಇಟ್ಟದ್ದು ಸೀಯದಿರಲಿ. ಎರವಲು ಪಿಕಾಸಿ ಹಿಡಿದು ನಿಂತವರನ್ನು ನಗದೆ ಗುರುತಿಸುವ ಕಣ್ಣೊಂದು ಪ್ರತಿ ಮನೆಯಲ್ಲಿರಲಿ. ಉಂಡವರಿಗೂ ಬಡಿಸಿದವರಿಗೂ, ಎರಡು ತಲೆಯವರಿಗೂ ಒಂದು ತಲೆಯವರಿಗೂ, ಶ್ರೀಹರಿಯು ಸಮನಾಗಿ ಮಂಗಳವನ್ನು ಕರುಣಿಸಲಿ.