ಕವಣೆ ಕಟ್ಟಿದ ಗಂಟು

"ಚೀಲ ಒದರೇ, ಜೈಲ್‌ಕೋಳಿ. ಪೂರ್ತಿ ಒದರು. ಜಡೇನೂ ಬಿಚ್ಚು. ನಿನ್ನಂಥ ಕಳ್ಳಮುಂಡೇರು ಕೂದಲೊಳಗೆ ಮೊಳೆ ಸಿಗಿಸ್ಕೊಂಡು ಹೋಗೋ ಪೈಕಿ."

ಕಂಟ್ರಾಕ್ಟರ್ ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು ಹೇಳುತ್ತಿದ್ದ. ಅವನ ಬಿಳಿ ಅಂಗಿಯ ಇಸ್ತ್ರಿಗೆರೆ ಎಷ್ಟು ಚೂಪೆಂದರೆ ಅದರ ಮೇಲೆ ಸೌತೆಕಾಯಿ ಹೆಚ್ಚಬಹುದಿತ್ತು. ಕಟ್ಟಡದ ಕೆಲಸಕ್ಕೆ ಬರುವವರೆಲ್ಲ ದಿನಾ ಬೆಳಿಗ್ಗೆ ಇದೇ ಗೇಟು ದಾಟಬೇಕು. ಆದರೆ ತಪಾಸಣೆ ಮಾತ್ರ ಒಬ್ಬಳದೇ.

ಹುಡುಗಿ ಚೀಲ ಒದರಿದಳು. ಬುತ್ತಿ ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ಒಂದು ಮಾರು ಹಗ್ಗ. ಕಂಟ್ರಾಕ್ಟರ್ ಬೂಟಿನ ತುದಿಯಿಂದ ಹಗ್ಗ ತಳ್ಳಿ, ನೇಣು ಹಾಕ್ಕೊಳ್ಳೋಕಾ, ಹಾಗಿದ್ದರೆ ರಜೆಯ ದಿನ ಹಾಕ್ಕೋ, ಕೆಲಸ ಕೆಡಬಾರದು ಎಂದ. ಅವಳು ಜಡೆ ಬಿಚ್ಚಿದಳು. ಮೊಳೆ ಬೀಳಲಿಲ್ಲ, ಸಿಮೆಂಟಿನ ಧೂಳು ಬಿತ್ತು. ಅದೂ ನನ್ನದೇ ಸಿಮೆಂಟು, ಒದರಿ ಹೋಗು ಎಂದು ಅವನು ನಕ್ಕ. ಅವನ ಹಿಂದೆ ಕೊಡೆ ಹಿಡಿದು ನಿಂತಿದ್ದವನೂ ಕೂಲಿಗೆ ತಕ್ಕಷ್ಟು ನಕ್ಕ.

ಹುಡುಗಿಯ ಬಲಗೈ ತುರಿಸಿತು.

ಆ ಬಲಗೈ ಸಾಮಾನ್ಯದ್ದಲ್ಲ. ಅವಳಿಗೆ ಕವಣೆ ಎಂದು ಹೆಸರು ಬಂದದ್ದೇ ಅದರಿಂದ. ಎರಡು ಬೀದಿ ಆಚೆ ಹಾರುವ ಸೊಳ್ಳೆಗೆ ಗುರಿಯಿಟ್ಟು, ಎಡರೆಕ್ಕೆಗೋ ಬಲರೆಕ್ಕೆಗೋ ಎಂದು ಮೊದಲೇ ಕೇಳಿಕೊಂಡು ಕಲ್ಲು ಬೀಸುವಳು. ಅವಳ ಕೇರಿಯಲ್ಲಿ ಬೀದಿದೀಪ ಹಾಕಿಸುವುದನ್ನೇ ಊರಿನವರು ಬಿಟ್ಟಿದ್ದರು. ಹುಣ್ಣಿಮೆಯ ಚಂದ್ರನೂ ಆ ಕೇರಿ ಬಂದಾಗ ಒಂದು ಮೋಡ ಹುಡುಕಿಕೊಂಡು ಮರೆಯಾಗುತ್ತಿದ್ದ ಎಂದು ಹೇಳುವವರಿದ್ದಾರೆ, ಅಲ್ಲವೆನ್ನಲು ನಮ್ಮಲ್ಲಿ ಆಧಾರವಿಲ್ಲ.

ಹುಟ್ಟಿನಿಂದ ಹಾಗಿರಲಿಲ್ಲ. ಅವಳಮ್ಮ ಇಟ್ಟಿಗೆ ಹೊರುತ್ತಿದ್ದವಳು. ಎರಡು ವರ್ಷದ ಕೆಳಗೆ ಇದೇ ಕಂಟ್ರಾಕ್ಟರ್ ಕಟ್ಟಿಸುತ್ತಿದ್ದ ಗಾಜಿನ ಕಟ್ಟಡದಲ್ಲಿ ಸಾರುವೆ ಕುಸಿಯಿತು. ಗೋಡೆಯ ಕೆಲಸಕ್ಕೆಂದು ಬೊಂಬಿಗೆ ಬೊಂಬು ಬಿಗಿದು ಕಟ್ಟುತ್ತಾರಲ್ಲ, ಆ ಸಾರುವೆ. ಅದರ ಜೊತೆ ಅಮ್ಮನೂ ಕೆಳಗೆ ಬಂದಳು. ಕಾಲು ಜಾರಿತು ಎಂದು ಕಂಟ್ರಾಕ್ಟರ್ ಹೇಳಿದ, ಹಾಗೆಂದೇ ಆಯಿತು. ಅಮ್ಮ ಅಂದಿನಿಂದ ತಗಡಿನ ಕೋಣೆಯಲ್ಲಿ ಮಂಚ ಹಿಡಿದಳು. ಸೊಂಟದಿಂದ ಕೆಳಗೆ ಅಷ್ಟಕ್ಕಷ್ಟೆ, ಸೊಂಟದಿಂದ ಮೇಲೆ, ಅದರಲ್ಲೂ ನಾಲಿಗೆ, ಮೊದಲಿಗಿಂತ ಗಟ್ಟಿ. ಮಗಳಿಗೆ ಮಾತ್ರ ಅಂದಿನಿಂದ ಇಡಿಯಾದ ಗಾಜು ಕಂಡರೆ ಆಗದು. ಅಂಗಡಿಯ ಗಾಜು, ಬಸ್ಸಿನ ಗಾಜು, ಕೊನೆಗೆ ಕಂಟ್ರಾಕ್ಟರನ ಕಾರಿನ ಗಾಜು. ಅಲ್ಲಿಗೆ ಸ್ಟೇಷನ್ ಸೇರಿದಳು.

ಸ್ಟೇಷನ್ನಿಗೆ ಬಂದು ಅವಳನ್ನು ಬಿಟ್ಟುಕೊಡಿ ಎಂದು ಕೇಳಿದ್ದು ನೆಂಟರಲ್ಲ, ವಕೀಲರಲ್ಲ, ಜೇಡಜ್ಜಿ. ಊರಿನಲ್ಲಿ ಏಳುವ ಗೋಡೆಗಳಿಗೆ ಸಾರುವೆ ಕಟ್ಟುವ ತಂಡವೊಂದರ ಯಜಮಾನಿ. ನೆಲದ ಮೇಲೆ ಕುಂಟುವಳು, ಸಾರುವೆಯ ಮೇಲೆ ಓಡುವಳು. ಆಕಾಶ ಒಮ್ಮೆ ಒಂದು ಕಡೆ ಜೋತುಬಿದ್ದಾಗ ಕೆಳಗಿನಿಂದ ಎರಡು ಬೊಂಬು ಕೊಟ್ಟು ನಿಲ್ಲಿಸಿದವಳು ಅವಳೇ ಎಂದು ತಂಡದವರು ಹೊಸಬರಿಗೆ ಹೇಳುತ್ತಿದ್ದರು. ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡೇ ಒಳಗೆ ಬಂದು, ಕಂಬಿಯ ಹಿಂದಿದ್ದ ಹುಡುಗಿಯನ್ನು ನೋಡಿದಳು.

"ಎತ್ತರ ಅಂದ್ರೆ ಭಯ ಆಗುತ್ತೇನೇ?"

"ನಂಗ್ಯಾವ ಭಯಾನೂ ಇಲ್ಲ."

"ಹಾಗಾದ್ರೆ ಬೇಡ. ಭಯ ಇಲ್ದೋರು ಬೇಗ ಸಾಯ್ತಾರೆ, ಜೊತೆಗಿದ್ದೋರನ್ನೂ ಕರ್ಕೊಂಡು ಹೋಗ್ತಾರೆ." ಅಜ್ಜಿ ಹೊರಡಲು ತಿರುಗಿದಳು.

ಹುಡುಗಿ ಎದ್ದು ಬಂದು ಕಂಬಿ ಹಿಡಿದಳು. "ಸ್ವಲ್ಪ ಆಗುತ್ತೆ," ಎಂದಳು.

"ಹಾಂ. ಈಗ ಬಾ."

ಇನ್ಸ್‌ಪೆಕ್ಟರ್ ಹೇಳಿದ್ದಿಷ್ಟೆ: ಇವಳು ಯಾರಿಗಾದರೂ ಹೊಡೆದಳೆಂದು ಇನ್ನೊಂದು ದೂರು ಬರಲಿ, ಒಳಗೆ ಹಾಕಿ ಬೀಗದ ಕೈಯನ್ನು ನುಂಗಿಬಿಡುತ್ತೇನೆ. ಆ ಹೊಟ್ಟೆ ನೋಡಿದರೆ ಒಳಗೆ ಆಗಲೇ ನಾಲ್ಕಾರು ಬೀಗದ ಕೈ ಇದ್ದಂತಿತ್ತು. ಕಂಟ್ರಾಕ್ಟರ್ ಅವಳನ್ನು ಗೇಟಿನೊಳಗೆ ಬಿಡಲಾರೆ ಎಂದು ಹಾರಾಡಿದ. ಹುಡುಗಿ ಇಲ್ಲದಿದ್ದರೆ ಸಾರುವೆಯೂ ಇಲ್ಲ ಎಂದು ಅಜ್ಜಿ ಸೆಟೆದು ನಿಂತಳು. ಅವನು ಬಿಟ್ಟ. ಬಿಟ್ಟು, ಗೇಟಿನಲ್ಲಿ ಕುರ್ಚಿ ಹಾಕಿಸಿದ.

ಕಲಿಕೆ ಶುರುವಾದದ್ದು ಮರಳಿನ ಗುಡ್ಡೆಯ ಮೇಲೆ. ನೆಟ್ಟ ಎರಡು ಬೊಂಬಿಗೆ ಎದೆಯೆತ್ತರದಲ್ಲಿ ಒಂದು ಅಡ್ಡಬೊಂಬು ಕಟ್ಟು ಎಂದಳು ಅಜ್ಜಿ. ತಂಡದ ಕಟ್ಟುಪಾಡು ಒಂದೇ: ಕಟ್ಟಿದವರೇ ಮೊದಲು ಹತ್ತಬೇಕು. ಕವಣೆ ಮನಸ್ಸಿನಲ್ಲೇ ನಕ್ಕಳು. ಬೇಕೆಂದೇ ಸಡಿಲ ಕಟ್ಟಿ, ಬಿದ್ದು, ಸೊಂಟ ಹಿಡಿದುಕೊಂಡು ಮನೆಗೆ ಹೋಗುವ ಲೆಕ್ಕಾಚಾರ. ಹತ್ತಿ ಕೂತಳು. ಕಟ್ಟುಪಾಡಿನ ಇನ್ನರ್ಧ ಅವಳಿಗೆ ಗೊತ್ತಿರಲಿಲ್ಲ. ಕಲಿಸಿದವರು ಪಕ್ಕದಲ್ಲಿ ಕೂರಬೇಕು. ಅಜ್ಜಿ ಸೀರೆ ಎತ್ತಿಕಟ್ಟಿ ಹತ್ತಿ ಬಂದು, ಬಸ್ಸಿನ ಸೀಟಿನಲ್ಲಿ ಜಾಗ ಮಾಡಿಕೊಳ್ಳುವಂತೆ ಅವಳ ಪಕ್ಕದಲ್ಲಿ ಕೂತಳು.

ಇಬ್ಬರೂ ದೊಪ್ಪನೆ ಬಿದ್ದರು.

ಅಜ್ಜಿ ಬಾಯೊಳಗಿನ ಮರಳು ಉಗಿದು, "ಕಟ್ಟು," ಎಂದಳು. ಮತ್ತೆ ಬಿದ್ದರು. ಹುಡುಗಿಗೆ ಮೊದಲು ನಗು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಅಜ್ಜಿಯ ಮೊಣಕೈ ತರಚಿ ರಕ್ತ ಇಳಿಯಿತು. ಅಜ್ಜಿ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಅದರ ಮೇಲೆ ಒಂದು ಹಿಡಿ ಮರಳು ಒತ್ತಿಕೊಂಡು ಹಗ್ಗ ಮುಂದೆ ಚಾಚಿದಳು.

"ಥೂ, ಮುದುಕಿ, ನಿಂಗೇನು ತಲೆ ಕೆಟ್ಟಿದ್ಯಾ? ಗಂಟು ನಿಲ್ಲಲ್ಲ ಅಂತ ಗೊತ್ತಿದ್ದೂ ಯಾಕೆ ಬಂದು ಬಂದು ಕೂರ್ತೀಯಾ?"

"ಗಂಟು ನಿಂದು, ಕಲಿಸಿದ್ದು ನಾನು. ಬಿದ್ರೆ ಇಬ್ರೂ ಬೀಳ್ಬೇಕು. ಕಟ್ಟು, ಮೂದೇವಿ."

ಅಲ್ಲಿಯವರೆಗೆ ಕವಣೆಗೆ ಬುದ್ಧಿ ಹೇಳಿದವರನ್ನು ಸಾಲಾಗಿ ನಿಲ್ಲಿಸಿದ್ದರೆ ಸಾಲು ಸಮುದ್ರ ಮುಟ್ಟುತ್ತಿತ್ತು. ಪಕ್ಕದಲ್ಲಿ ಬಂದು ಕೂತವರು ಯಾರೂ ಇರಲಿಲ್ಲ. ಅಂದು ಅವಳು ಒಂದು ಮಾರು ಹಗ್ಗ ಮನೆಗೆ ಒಯ್ದು ಮಂಚದ ಕಾಲಿಗೆ ಗಂಟು ಹಾಕಿದಳು. ಬಿಚ್ಚಿದಳು, ಹಾಕಿದಳು. ಬಾಗಿಲಿಗೆ ಹಾಕಿದಳು, ಬಿಂದಿಗೆಗೆ ಹಾಕಿದಳು. ಮಂಚ ಯಾಕೆ ಕಟ್ತಿದೀಯೇ ನನ್ನವ್ವ, ನಾನೇನು ಓಡಿಹೋಗೋ ಹಾಗಿದೀನಾ ಎಂದು ಅಮ್ಮ ಗೊಣಗಿದಳು. ಪಕ್ಕದ ಮನೆಯ ಬೆಕ್ಕು ಮೂರು ದಿನ ಆ ಕಡೆ ತಲೆ ಹಾಕಲಿಲ್ಲ.

ಮಾರನೆಯ ದಿನ ಅಡ್ಡಬೊಂಬು ನಿಂತಿತು. ಅಜ್ಜಿ ಅದರ ಮೇಲೆ ಕೂತು ಬುತ್ತಿ ಪೂರ್ತಿ ತಿಂದಳು, ಕೈ ತೊಳೆದಳು, ಒಂದು ಸಣ್ಣ ನಿದ್ದೆಯನ್ನೂ ತೆಗೆದಳು. ಹೊಗಳಿಕೆ ಅಷ್ಟೇ.

ಸಿಟ್ಟೇನೂ ಹೋಗಿರಲಿಲ್ಲ. ಗೇಟಿನ ತಪಾಸಣೆ ಮುಗಿಸಿ ಬಂದವಳ ಕೈ ನೆಲದ ಮೇಲೆ ಇಟ್ಟಿಗೆ ತುಂಡು ಹುಡುಕುತ್ತಿತ್ತು. ಅಜ್ಜಿ ಆ ಕೈಗೆ ಹಗ್ಗ ಕೊಡುತ್ತಿದ್ದಳು. ಬೈಬೇಕಾ, ಬೈಯಿ, ಹಗ್ಗದ ಒಂದೊಂದು ಸುತ್ತಿಗೂ ಒಂದರಂತೆ ಬೈದು ಬಿಗಿ ಎಂದಳು. ಕವಣೆ ಬಿಗಿದಳು. ಬೋಳಿಮಗನೇ ಎಂದು ಒಂದು ಸುತ್ತು, ಹಲ್ಕಟ್ ನನ್ಮಗನೇ ಎಂದು ಇನ್ನೊಂದು, ಕೊನೆಯ ಸುತ್ತಿಗೆ ಅವನ ಕುರ್ಚಿ, ಕೊಡೆ, ಇಸ್ತ್ರಿಪೆಟ್ಟಿಗೆ ಎಲ್ಲ ಸೇರಿಸಿ. ಆ ಗಂಟುಗಳನ್ನು ಬಿಚ್ಚಲು ಆನೆ ತರಿಸಬೇಕಾಯಿತು, ಆನೆಯೂ ಸೋತು ರಜೆ ಹಾಕಿತು ಎಂದರೆ ನೋಡಿ. ತಂಡದ ಗಂಡಸರೂ ಬೈದುಕೊಂಡೇ ಕಟ್ಟುವ ಅಭ್ಯಾಸಕ್ಕೆ ಬಿದ್ದರು. ದೂರದಿಂದ ಕೇಳಿದವರಿಗೆ ಅದು ಜಗಳವೋ ಕೆಲಸವೋ ತಿಳಿಯುತ್ತಿರಲಿಲ್ಲ. ಹೀಗೆ ಒಂದು ಮಳೆಗಾಲ ಕಳೆಯಿತು. ಅವಳ ಕೇರಿಯ ಬೀದಿಯಲ್ಲಿ ಮತ್ತೆ ದೀಪ ಹತ್ತಿದವು.

ಆಮೇಲೆ ದೊಡ್ಡವರೊಬ್ಬರು ಕಟ್ಟಡ ನೋಡಲು ಬರುತ್ತಾರೆ ಎಂಬ ಸುದ್ದಿ ಬಂತು. ಅವರು ಬರುವ ದಿನದವರೆಗೂ ಮುಂಭಾಗದ ಗೋಡೆಗೆ ಬಣ್ಣ ಆಗಿರಲಿಲ್ಲ. ಅಂದು ಬೆಳಿಗ್ಗೆ ಬೆಳಿಗ್ಗೆಯೇ ಕಂಟ್ರಾಕ್ಟರನ ಲಾರಿ ಬಂದು ಹಳೆಯ ಹಗ್ಗದ ಮೂಟೆಗಳನ್ನು ಉರುಳಿಸಿ ಹೋಯಿತು. ಜೇಡಜ್ಜಿ ಒಂದು ಹಗ್ಗ ಎತ್ತಿಕೊಂಡು, ಹುರಿ ಹಿಂದಕ್ಕೆ ತಿರುಗಿಸಿ, ಹೊಟ್ಟೆ ಬಿಡಿಸಿ ನೋಡಿದಳು. ಒಳಗಿನಿಂದ ಕಂದು ಪುಡಿ ಉದುರಿತು. ಕಟ್ಟುವುದಿಲ್ಲ ಎಂದಳು.

ಕಂಟ್ರಾಕ್ಟರ್ ಕುರ್ಚಿ ಬಿಟ್ಟು ಎದ್ದು ಬಂದ. ಅವನು ಎದ್ದು ನಡೆದದ್ದನ್ನು ಅನೇಕರು ಅಂದೇ ಮೊದಲು ನೋಡಿದ್ದು. ಅಜ್ಜಿಯ ಕೈಯಿಂದ ಹಗ್ಗ ಕಿತ್ತು, ಹಸುವಿಗೆ ಹಾಕುವಂತೆ ಅವಳ ಕೊರಳಿಗೆ ಎಸೆದ.

"ಕುಂಟಿಮುಂಡೆ, ಹಗ್ಗದ ಹೊಟ್ಟೆ ನೋಡೋ ಡಾಕ್ಟ್ರೇನೇ ನೀನು? ಮೂರು ಬಿಲ್ಡಿಂಗ್ ಎತ್ತಿದ ಹಗ್ಗ ಇದು. ಒಬ್ಬರಾದ್ರೂ ಬಿದ್ರಾ?"

ಎಲ್ಲರ ಕಣ್ಣೂ ಮೆಲ್ಲಗೆ ಕವಣೆಯ ಕಡೆ ತಿರುಗಿದವು. ಕಂಟ್ರಾಕ್ಟರನೂ ತಿರುಗಿದ.

"ನಿಮ್ಮಮ್ಮಂದು ಕಾಲು ಜಾರಿದ್ದು," ಎಂದ.

ಕವಣೆ ಬಗ್ಗಿದಳು. ಎದ್ದಾಗ ಬಲಗೈಯಲ್ಲಿ ಅರ್ಧ ಇಟ್ಟಿಗೆ ಇತ್ತು. ಆ ದೂರದಿಂದ ಅವಳ ಗುರಿ ತಪ್ಪಬೇಕಾದರೆ ಅವಳು ಕಣ್ಣು ಮುಚ್ಚಿ, ಬೆನ್ನು ತಿರುಗಿಸಿ, ಬೇರೆ ಊರಿಗೆ ಹೋಗಿ ಎಸೆಯಬೇಕಿತ್ತು. ಕಂಟ್ರಾಕ್ಟರ್ ಹಿಂದೆ ಸರಿಯಲಿಲ್ಲ. ಅವನ ಮುಖ ಅರಳಿತು. ಮೊಬೈಲು ತೆಗೆದು ಹಿಡಿದ.

"ಹೊಡಿ. ಹೊಡಿಯೇ, ಕಾಯ್ತಾ ಇದೀನಿ. ಒಂದು ಫೋನು, ಸಂಜೆ ಒಳಗೆ ನೀನು ಕಂಬಿ ಎಣಿಸ್ತಿರ್ತೀಯಾ. ಇಲ್ಲಾ, ಮುದುಕಿ ಕಟ್ಟಲ್ಲ ಅಂದ್ಲಲ್ಲ, ಬಾಯ್ಮುಚ್ಕೊಂಡು ನೀನು ಕಟ್ಟು."

ಅಜ್ಜಿ ಕೊರಳಿನ ಹಗ್ಗ ತೆಗೆದು ಸುರುಳಿ ಸುತ್ತುತ್ತ ನಿಂತಳು. ಮೊಣಕೈಯ ಹಳೆಯ ಗಾಯದ ಕಲೆ ಬಿಸಿಲಿಗೆ ಹೊಳೆಯಿತು. ಕವಣೆ ಅದನ್ನೇ ನೋಡಿದಳು. ಆಮೇಲೆ ಇಟ್ಟಿಗೆಯನ್ನು, ಮೊಟ್ಟೆ ಇಟ್ಟಂತೆ, ಕೆಳಗಿಟ್ಟಳು. ಅಜ್ಜಿಯ ಕೈಯಿಂದ ಆ ಹಗ್ಗ ತೆಗೆದುಕೊಂಡಳು.

ಅವಳು ಗೋಡೆಯ ಮುಂದೆ ನೆಟ್ಟಿದ್ದ ಬೊಂಬುಗಳಿಗೆ, ಎರಡಾಳು ಎತ್ತರದಲ್ಲಿ, ಒಂದು ಅಡ್ಡಬೊಂಬು ಕಟ್ಟಿದಳು. ಅಂಥ ಗಂಟನ್ನು ಜೇಡಗಳೂ ನೋಡಿ ಕಲಿಯಬೇಕು. ಅಂದು ಬಾಯಿಂದ ಒಂದು ಬೈಗುಳವೂ ಬರಲಿಲ್ಲ, ಅದಕ್ಕೇ ತಂಡದವರಿಗೆ ದಿಗಿಲಾಯಿತು. ಕಂಟ್ರಾಕ್ಟರ್ ಅಂಗಿಯ ಕಾಲರು ಸರಿಮಾಡಿಕೊಂಡು, ನೋಡಿ ಕಲೀರೋ, ದನಗಳಾ, ಹೀಗೆ ದಾರಿಗೆ ತರಬೇಕು ಎಂದ.

ಕವಣೆ ಆ ಬೊಂಬಿನ ಮೇಲೆ ಕಾಲು ಇಳಿಬಿಟ್ಟು ಕೂತಳು. ಹಗ್ಗ ಕಿರ್ರೆಂದಿತು. ಅವಳು ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು.

"ಬನ್ನಿ ಸಾರ್. ಕೂತ್ಕೊಳ್ಳಿ."

"ಏನಂದೆ?"

"ಕಟ್ಟಿದೋರು ಮೊದಲು ಹತ್ತಬೇಕು, ಹತ್ತಿದೀನಿ. ಕಲಿಸಿದೋರು ಪಕ್ಕದಲ್ಲಿ ಕೂರಬೇಕು. ಈ ಹಗ್ಗದಲ್ಲಿ ಕಟ್ಟೋದನ್ನ ನಂಗೆ ಅಜ್ಜಿ ಕಲಿಸಲಿಲ್ಲ ಸಾರ್, ನೀವು ಕಲಿಸಿದ್ದು. ಗಟ್ಟಿ ಹಗ್ಗ ಅಂದ್ರಲ್ಲ. ಬನ್ನಿ."

ಯಾರೋ ಒಬ್ಬ ಮೂಗಿನಿಂದ ನಕ್ಕ. ಕಂಟ್ರಾಕ್ಟರ್ ಕೊಡೆಯವನಿಗೆ ಹತ್ತೋ ಎಂದ. ಕೊಡೆಯವನು, ಎಷ್ಟೋ ವರ್ಷದಲ್ಲಿ ಮೊದಲ ಸಲ, ಕೊಡೆ ಮಡಿಸಿದ. ಅವನು ಹೋಗಿ ತಂಡದ ಜೊತೆ ನಿಂತ.

ಜೇಡಜ್ಜಿ ಆಗಲೇ ಸಲಿಕೆ ಹಿಡಿದಿದ್ದಳು. ಕವಣೆ ಕೂತ ಜಾಗದ ನೇರ ಕೆಳಗೆ ಒಂದು ಬಾಂಡಲಿ ಮರಳು ತಂದು ಸುರಿದಳು, ಕುಂಟುತ್ತ ಹೋಗಿ ಇನ್ನೊಂದು ತಂದಳು. ಯಾರೂ ಯಾರಿಗೂ ಹೇಳಲಿಲ್ಲ. ತಂಡ ಪೂರ್ತಿ ಮರಳು ಹೊರಲು ತೊಡಗಿತು. ಸಿಮೆಂಟು ಕಲಸುತ್ತಿದ್ದ ಹೆಂಗಸರೂ ಬಂದರು, ಇಟ್ಟಿಗೆ ಹೊರುವವರೂ ಬಂದರು. ಕಟ್ಟಡದಲ್ಲಿ ಮಿಕ್ಕ ಕೆಲಸವೆಲ್ಲ ನಿಂತಿತು. ಅಷ್ಟು ಬೇಗ ಅಷ್ಟು ಕೆಲಸವನ್ನು ಅವರು ಕಂಟ್ರಾಕ್ಟರನಿಗಾಗಿ ಎಂದೂ ಮಾಡಿರಲಿಲ್ಲ. ನೋಡನೋಡುತ್ತ ಒಂದು ಬೆಟ್ಟವೇ ಎದ್ದಿತು, ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅದಕ್ಕೊಂದು ಹೆಸರಿಡಬೇಕಾಗುತ್ತಿತ್ತು.

ಕಂಟ್ರಾಕ್ಟರ್ ಇನ್ಸ್‌ಪೆಕ್ಟರಿಗೆ ಫೋನು ಹಚ್ಚಿದ. ಗಾಬರಿಯಲ್ಲಿ ಯಾವ ಗುಂಡಿ ಒತ್ತಿದನೋ, ಆ ಕಡೆಯ ಮಾತು ಅಂಗಳಕ್ಕೆಲ್ಲ ಕೇಳಿಸಿತು.

"ಹೊಡೆದ್ಲಾ?"

"ಇಲ್ಲ ಸಾರ್."

"ಗಾಜು ಒಡೆದ್ಲಾ?"

"ಇಲ್ಲ."

"ಬೈದ್ಲಾ?"

"ಇಲ್ಲ ಸಾರ್, ಸಾರ್ ಅಂತಾನೇ ಅಂತಿದಾಳೆ."

"ಮತ್ತೆ ಏನ್ರೀ ನಿಮ್ ಕಂಪ್ಲೇಂಟು?"

ಕಂಟ್ರಾಕ್ಟರ್ ತಲೆಯೆತ್ತಿ ನೋಡಿದ. ಹಗ್ಗದ ಹೊಟ್ಟೆಯಿಂದ ಕಂದು ಪುಡಿ ಸಣ್ಣಗೆ ಉದುರಿ ಅವನ ಬಿಳಿ ಅಂಗಿಯ ಮೇಲೆ, ಸೌತೆಕಾಯಿ ಹೆಚ್ಚುವ ಆ ಗೆರೆಯ ಮೇಲೆ, ಕೂತಿತು. ಗೇಟಿನ ಆಚೆ ದೊಡ್ಡವರ ಕಾರುಗಳು ಹಾರನ್ ಬಾರಿಸುತ್ತಿದ್ದವು. ಗೇಟು ತೆಗೆಯುವವನೂ ಮರಳು ಹೊರುತ್ತಿದ್ದ.

"ಪಕ್ಕದಲ್ಲಿ ಬಂದು ಕೂತ್ಕೊಳ್ಳಿ ಅಂತಿದಾಳೆ," ಎಂದ.

"ಕೂತ್ಕೊಳ್ರೀ ಮತ್ತೆ," ಎಂದಿತು ಫೋನು.

ಬೊಂಬು ಒಂದು ಬೆರಳಿನಷ್ಟು ಕೆಳಗಿಳಿಯಿತು. ಕವಣೆ ಬೊಂಬನ್ನು ಬಿಗಿಯಾಗಿ ಹಿಡಿದುಕೊಂಡದ್ದು ಅಜ್ಜಿಗೆ ಮಾತ್ರ ಕಂಡಿತು. ಹುಡುಗಿ ಇಳಿಯಲಿಲ್ಲ. ತುಸು ಆಚೆ ಸರಿದು, ಅವನಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಳು.