ಉತ್ತರ ಬಾರದಿದ್ದರೆ ಹಳೆಯ ಅಂಕಿ

ಕಿಟಕಿಯಾಚೆ ಕಲ್ಲಿದ್ದಲ ಹೊಗೆ ಇವತ್ತೂ ಇಳಿದು ಕೂತಿದೆ, ಬೆಟ್ಟ ಕಾಣುತ್ತಿಲ್ಲ, ಬಿಷ್ಕೆಕ್‌ನ ಚಳಿಗಾಲದ ಬೆಳಗು ಇಷ್ಟೇ, ಒಳಗೆ ಸರ್ವರ್‌ಗಳ ಗುಂಯ್ ಸದ್ದು, ಈ ಹಳೆಯ ಯಂತ್ರವನ್ನು ಇವತ್ತು ಆರಿಸಿ ಗುಜರಿಗೆ ಕಳಿಸಬೇಕು, ಸಹಿ ಹಾಕಬೇಕಾದವಳು ನಾನೇ, ಈ ಬುರುಲ್, ಈಗ ದೊಡ್ಡ ಮನುಷ್ಯೆ, ತಿರುಗುವ ಕುರ್ಚಿ ಬೇರೆ — ಆರಿಸುವ ಮೊದಲು ಒಳಗೆ ಏನೇನಿದೆ ನೋಡೋಣ ಅಂತ ಕೈ ಹಾಕಿದ್ದೇ ತಪ್ಪಾಯಿತು, ನನ್ನದೇ ಸ್ಕ್ರಿಪ್ಟ್ ಸಿಕ್ಕಿತು, ಐದು ವರ್ಷದ ಹಿಂದೆ ಬರೆದ ಪುಟ್ಟ ಪ್ರೋಗ್ರಾಂ, ಎಷ್ಟು ಬೀಗಿದ್ದೆ ಆಗ, ಒಂದೇ ಯಂತ್ರದೊಳಗೆ ಗೋಡೆ ಎಬ್ಬಿಸಿ ನಲವತ್ತು ಕಂಟೇನರ್, ನಲವತ್ತು ಬಾಡಿಗೆ ಮನೆ ಇದ್ದ ಹಾಗೆ, ಒಂದೊಂದರಲ್ಲಿ ಒಬ್ಬ ಗಿರಾಕಿಯ ಸೈಟು, ಐದೈದು ನಿಮಿಷಕ್ಕೆ ನನ್ನ ಸ್ಕ್ರಿಪ್ಟ್ ಒಂದೊಂದರ ಬಾಗಿಲು ತಟ್ಟಿ ಎಷ್ಟು ಮೆಮೊರಿ ಬಳಸಿದೆ ಅಂತ ಕೇಳುತ್ತದೆ, ಬಂದ ಅಂಕಿಯನ್ನು ಹಸಿರು ಗೆರೆಯಾಗಿ ಎಳೆಯುತ್ತದೆ, ನನಗೆ ಈ ಕೆಲಸ ಕಲಿಸಿದ ಕುಬಾನ್ ಬೈಕೆ, ಬೈಕೆ ಅಂದರೆ ನಮ್ಮಲ್ಲಿ ಅಣ್ಣ, ಇವರು ಅಣ್ಣನಿಗಿಂತ ಹೆಚ್ಚು, ನೋಡಿ ನಕ್ಕಿದ್ದರು, ಶಹಬ್ಬಾಸ್ ಹುಡುಗಿ, ಇನ್ಮೇಲೆ ನಾನು ಆರಾಮಾಗಿ ಟೀ ಕುಡೀಬಹುದು, ಆದರೆ ನಮ್ಮ ಯಜಮಾನರು ಗೆನ್ನಾದಿ ಪಾವ್ಲೊವಿಚ್ ಮೂಗು ಮುರಿದರು, ಇದೇನಮ್ಮ ಗೆರೆ ಅಲ್ಲಲ್ಲಿ ಇಲಿ ಕಡಿದ ಹಾಗಿದೆ, ಗಿರಾಕಿಗಳಿಗೆ ಇದನ್ನ ತೋರಿಸ್ಲಾ — ಕಂಟೇನರ್ ಉತ್ತರ ಕೊಡದೇ ಹೋದ ಕಡೆ ಗೆರೆ ತುಂಡಾಗುತ್ತಿತ್ತು, ಅಷ್ಟೇ, ನಾನು ಅವರೆದುರು ವಾದ ಮಾಡುವುದು ಬಿಟ್ಟು ಒಂದೇ ಒಂದು ಸಾಲು ಸೇರಿಸಿದೆ, ಉತ್ತರ ಬಾರದಿದ್ದರೆ ಹಳೆಯ ಅಂಕಿಯನ್ನೇ ಬರೆ, ಗೆರೆ ಅಖಂಡವಾಯಿತು, ಎಲ್ಲರಿಗೂ ಖುಷಿ, ಸಾಲು ಇಲ್ಲೇ ಇದೆ, ಮೂವತ್ತೊಂದನೆಯದು.

ಹದಿನೇಳನೇ ಕಂಟೇನರಿನಲ್ಲಿದ್ದದ್ದು ಓಶ್ ಊರಿಗೆ ಹೋಗುವ ಟ್ಯಾಕ್ಸಿಗಳಲ್ಲಿ ಸೀಟು ಕಾದಿರಿಸುವ ಸೈಟು, ದಿನಾ ಬೆಳಗ್ಗೆ ಎಂಟೂವರೆ ಹೊತ್ತಿಗೆ ಬೀಳುತ್ತಿತ್ತು, ಬೈಕೆಯದು ಬೆಳಗಿನ ಪಾಳಿ, ಬಿದ್ದದ್ದನ್ನು ಆರಿಸಿ ಮತ್ತೆ ಹಚ್ಚುತ್ತಿದ್ದರು, ಹಚ್ಚಿದ ದಾಖಲೆಯಲ್ಲಿ ಅವರ ಹೆಸರು, ಗ್ರಾಫಿನಲ್ಲಿ ಮಾತ್ರ ಎಂಟೂವರೆ ತನಕ ಎಲ್ಲ ತಣ್ಣಗೆ, ಸರಳ ಗೆರೆ, ಅಂದರೆ ಚೆನ್ನಾಗಿ ನಡೆಯುತ್ತಿದ್ದದ್ದನ್ನು ಈ ಮನುಷ್ಯ ಆರಿಸುತ್ತಿದ್ದಾನೆ, ಯಜಮಾನರು ಸಭೆಯಲ್ಲಿ ಎಲ್ಲರೆದುರು ಹಾಗೇ ಅಂದರು, ನಿದ್ದೆಗಣ್ಣಲ್ಲಿ ಕೆಲಸ ಮಾಡ್ತೀಯೇನಯ್ಯಾ, ಬೈಕೆ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟರು, ಆ ಸರಳ ಗೆರೆಯ ಮೇಲೆಯೇ, ಗಾಜಿಗೆ ಒತ್ತಿ ಉಗುರಿನ ಬುಡ ಬೆಳ್ಳಗಾಗಿತ್ತು, ಸೀಟಿಗೆ ಇಷ್ಟು ಜನ ಒಟ್ಟಿಗೆ ನುಗ್ಗೋ ಹೊತ್ತಲ್ಲಿ ಇಷ್ಟೂ ಅಲುಗಾಡದ ಗೆರೆ ಇರತ್ತಾ ಗೆನ್ನಾದಿ ಪಾವ್ಲೊವಿಚ್, ಬುರುಲ್ ನೀನೇ ಹೇಳಮ್ಮ — ಆಗಲೇ ಆ ಸಾಲು ನೆನಪಾದದ್ದು ನನಗೆ, ಆ ಕ್ಷಣಕ್ಕೇ, ಅದು ಅಂಕಿಯಲ್ಲ, ನಾನೇ ತುಂಬಿದ ಸುಳ್ಳು, ಕೆಲಸಕ್ಕೆ ಸೇರಿ ಏಳು ತಿಂಗಳು, ಬಾಯಿ ಬಿಟ್ಟರೆ ನನ್ನ ಕತೆ ಮುಗಿಯಿತು, ಗ್ರಾಫ್ ಏನು ತೋರಿಸ್ತಿದೆಯೋ ಅದೇ ಸಾರ್, ಅಂದೆ, ನಾನು ಅಂದೆ, ಬೇರೆ ಯಾರೂ ಅಲ್ಲ, ಅಷ್ಟಕ್ಕೇ ಬೈಕೆಯ ಕೆಲಸ ಹೋಯಿತು, ಮಧ್ಯಾಹ್ನ ಅವರು ಸಾಮಾನು ಕಟ್ಟುವಾಗ ಟೀ ಬಗ್ಗಿಸಿಕೊಟ್ಟೆ, ಗಮನ ಎಲ್ಲೋ ಇತ್ತು, ಬಟ್ಟಲು ಅಂಚಿನವರೆಗೆ ತುಂಬಿಹೋಯಿತು, ನಮ್ಮಲ್ಲಿ ಅರ್ಧ ಬಗ್ಗಿಸಿದರೆ ಇನ್ನೂ ಕೂರು ಅಂತ, ತುಂಬಿಸಿದರೆ ಎದ್ದು ಹೋಗು ಅಂತ, ಬೈಕೆ ಬಟ್ಟಲು ನೋಡಿದರು, ನನ್ನನ್ನು ನೋಡಿದರು, ಸರಿ ಬಿಡು ಅಂದು ಪೂರ್ತಿ ಕುಡಿದು ಹೊರಟರು.

ಈ ಊರಲ್ಲಿ ಸರ್ವರ್ ಬಾಡಿಗೆಗೆ ಕೊಡುವವರು ನಾಲ್ಕು ಮಂದಿ, ನಾಲ್ವರೂ ಒಟ್ಟಿಗೆ ಉಣ್ಣುವವರು, ಒಬ್ಬರೂ ಬೈಕೆಯನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ, ಈಗ ಕಾರಾ-ಬಾಲ್ಟಾ ಊರಿನ ಬಜಾರಿನಲ್ಲಿ ಫೋನ್ ರಿಪೇರಿ ಮಾಡುತ್ತಾರಂತೆ, ಇಪ್ಪತ್ತು ವರ್ಷ ಯಂತ್ರಗಳ ನಾಡಿ ಹಿಡಿದ ಕೈ, ನಾನು ಐದು ವರ್ಷ ವಿಚಾರಿಸಲೂ ಇಲ್ಲ, ನಾಚಿಕೆ ಅಂದರೆ ಇದು — ಸ್ಕ್ರಿಪ್ಟಿನ ಪಕ್ಕದಲ್ಲೇ ಅದರ ದಿನಚರಿಯೂ ಬಿದ್ದಿದೆ, ಯಾರೂ ತೆರೆಯದ ಕಡತ, ಹದಿನೇಳು, ಎಂಟು ಇಪ್ಪತ್ತೈದು, ಉತ್ತರವಿಲ್ಲ, ಎಂಟೂವರೆ, ಉತ್ತರವಿಲ್ಲ, ಮರುದಿನವೂ, ಅದರ ಮರುದಿನವೂ, ಬೈಕೆ ಕೈ ಹಾಕುವ ಮೊದಲೇ ಅದು ಉಸಿರುಗಟ್ಟಿ ಬಿದ್ದಿರುತ್ತಿತ್ತು, ಮೂವತ್ತೊಂದನೇ ಸಾಲು ಅಳಿಸಿ ಈ ದಿನಚರಿಯಿಂದಲೇ ಗ್ರಾಫನ್ನು ಮತ್ತೆ ಎಳೆದೆ, ಎಂಟೂವರೆಗೆ ಗೆರೆ ತುಂಡು, ತುಂಡು, ತುಂಡು, ಬೆರಳು ಇಟ್ಟಿದ್ದರಲ್ಲ, ಸರಿಯಾಗಿ ಅಲ್ಲೇ — ಫೋನ್ ಮಾಡಿಯೇಬಿಟ್ಟೆ, ಆ ಕಡೆ ಬಜಾರಿನ ಗದ್ದಲ, ಯಾರು, ಬುರುಲ್ಲಾ, ಬದುಕಿದ್ದೀಯೇನೆ, ನಗುತ್ತಿದ್ದಾರೆ, ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ, ಸಾಲು, ಹಳೆಯ ಅಂಕಿ, ಗೆನ್ನಾದಿ ಪಾವ್ಲೊವಿಚ್‌ಗೆ ಇವತ್ತೇ ತೋರಿಸ್ತೀನಿ ಬೈಕೆ, ನಾಲ್ಕೂ ಕಂಪನಿಗೆ ಪತ್ರ ಬರೀತೀನಿ, ಬರಿ ಬರಿ ಅಂದರು, ಬೇಡ ಅನ್ನಲ್ಲ, ಆದ್ರೆ ನನಗೇನು ಹೊಸದಲ್ಲಮ್ಮ ಇದು, ಸಭೆಯ ಹಿಂದಿನ ದಿನಾನೇ ನಿನ್ನ ಸ್ಕ್ರಿಪ್ಟ್ ಓದಿದ್ದೆ — ಓದಿದ್ರಾ, ಮತ್ತೆ ಯಾಕೆ ಬೈಕೆ, ಯಾಕೆ ಸುಮ್ಮನಿದ್ರಿ — ನಾನು ಹೇಳಿದ್ರೆ ಚಾಡಿ ಆಗ್ತಿತ್ತು, ನೀನು ಚಿಕ್ಕವಳು, ನೀನೇ ಹೇಳ್ತೀಯ ಅನ್ಕೊಂಡೆ, ಅದಕ್ಕೇ ಅಷ್ಟು ಹೊತ್ತು ಬೆರಳು ತೆಗೀಲಿಲ್ಲ, ತಾಳು ಗಿರಾಕಿ ಬಂದ, ಆಮೇಲೆ ಮಾಡ್ತೀನಿ — ಅಷ್ಟು ಹೊತ್ತು, ಎಷ್ಟು ಹೊತ್ತು, ನಾನು ಯಜಮಾನರ ಮುಖ ನೋಡಿದೆ, ಮೇಜು ನೋಡಿದೆ, ಅವರು ಕಾಯುತ್ತಲೇ ನಿಂತಿದ್ದರು, ನನಗಾಗಿ, ಗಾಜಿನ ಮೇಲೆ ಬೆರಳು, ಉಗುರಿನ ಬುಡ ಬೆಳ್ಳಗೆ, ಬೆರಳು, ಇನ್ನೂ ತೆಗೆದಿಲ್ಲ